ಒಂಟಿಕಾಲಿನ ಲೆಕ್ಕ

ಪ್ಯಾಂಟ್ ಹಾಕಿಕೊಳ್ಳುವಾಗ ನಾನು ಯಾವತ್ತೂ ಕೂತವನಲ್ಲ. ವಯಸ್ಸು ಐವತ್ತೊಂದಾದರೂ ನಿಂತೇ ಒಂದು ಕಾಲು ತೂರಿಸಿ, ಆಮೇಲೆ ಇನ್ನೊಂದು. ಅದೂ ಒಂದು ಕೆಲಸ ಅಂತ ಅನ್ನಿಸಿರಲೇ ಇಲ್ಲ. ಫೆಬ್ರವರಿಯ ಒಂದು ಬೆಳಗ್ಗೆ ಎಡಗಾಲ ಮೇಲೆ ನಿಂತು ಬಲಗಾಲು ತೂರಿಸಲು ಹೋದವನು ಸೀದಾ ಬೀರುವಿಗೆ ಡಿಕ್ಕಿ ಹೊಡೆದೆ. ಬೀರುವಿನ ಮೇಲಿದ್ದ ಸೂಟ್‌ಕೇಸ್ ದಬಾರನೆ ಬಿತ್ತು. ಅಡುಗೆಮನೆಯಿಂದ ಹೆಂಡತಿ "ಏನ್ರೀ ಅದು ಸದ್ದು?" ಅಂದಳು. "ಏನಿಲ್ಲ, ಸೂಟ್‌ಕೇಸು ಬಿತ್ತು" ಅಂದೆ. ಸುಳ್ಳೇನೂ ಅಲ್ವಲ್ಲ.

ಇದರ ಮೂಲ ಇದ್ದದ್ದು ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ಹೋದವರಿಗೆ ಗೊತ್ತು. ಎರಡು ಸೇರು ಹಸಿ ಕಡಲೆಕಾಯಿ ಕೈಚೀಲದಲ್ಲಿತ್ತು. ನೆಲದ ತುಂಬಾ ಸಿಪ್ಪೆ. ಫುಟ್‌ಪಾತಿನ ಅಂಚಿನಿಂದ ಇಳಿಯುವಾಗ ಎಡಪಾದ ಒಳಮುಖವಾಗಿ ಮಗುಚಿತು. ಇಡೀ ಮೈಭಾರ ಪಾದದ ಹೊರ ಅಂಚಿನ ಮೇಲೆ ಬಿತ್ತು. ಟಕ್ ಅಂತ ಒಂದು ಸದ್ದು ನನಗೆ ಮಾತ್ರ ಕೇಳಿಸಿತು. ಮನೆ ಸೇರುವ ಹೊತ್ತಿಗೆ ಹೊರಗಿನ ಗಿಣ್ಣು ಬನ್ನಿನ ಹಾಗೆ ಊದಿಕೊಂಡಿತ್ತು. ಕಡಲೆಕಾಯಿ ಮಾತ್ರ ಒಂದೂ ಚೆಲ್ಲಿರಲಿಲ್ಲ.

ಅಮ್ಮನಿಗೆ ಎಪ್ಪತ್ತೆಂಟು. "ಉಳುಕು ತೆಗೆಯೋರ ಹತ್ರ ಎಣ್ಣೆ ಹಾಕಿ ನೀವಿಸಿಕೋ" ಅಂದಳು. ಅವಳ ಊರಿನ ಕಡೆ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಂದರೆ ಕಾಲಲ್ಲಿ, ಒದೆಸಿಕೊಳ್ಳುವ ಪದ್ಧತಿ ಇತ್ತಂತೆ. ಗಿಣ್ಣಿಗೆ ಒದೆಸಿಕೊಳ್ಳುವಷ್ಟು ಧೈರ್ಯ ನನಗಿರಲಿಲ್ಲ. ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿಲ್ಲ, ಹೊರಮಗ್ಗುಲಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ಹಗ್ಗದಂಥದ್ದು, ಸ್ವಲ್ಪ ಹರಿದಿದೆ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಎರಡು ವಾರ ರೆಸ್ಟ್ ಅಂದರು. ಅಷ್ಟೇ. ಆಮೇಲೆ ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋವು ಹೋಯಿತು, ಊತ ಇಳಿಯಿತು, ಆಫೀಸಿಗೆ ಹೋದೆ. ವಾಸಿಯಾಯಿತು ಅಂದುಕೊಂಡೆ.

ಜನವರಿಯಲ್ಲಿ ಆಫೀಸಿನ ಮೆಟ್ಟಿಲು ಇಳಿಯುವಾಗ ಅದೇ ಕಾಲು ಮತ್ತೆ ಮಗುಚಿತು. ಆಮೇಲೆ ಬೀರು ಪ್ರಸಂಗ. ಆಗ ಹೋದೆ ಫಿಸಿಯೋಥೆರಪಿಗೆ.

ಹನುಮಂತನಗರದಲ್ಲಿ ಒಂದು ಮನೆಯ ಮೇಲ್ಮಹಡಿ. ಮೂರು ಮಂಚ, ಒಂದು ದೊಡ್ಡ ಕನ್ನಡಿ. ಧಾರವಾಡದ ಕಡೆಯ ಹುಡುಗಿ, ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಮೊದಲು ಮಂಚದ ಮೇಲೆ ಕೂರಿಸಿ ಪಾದವನ್ನು ಆ ಕಡೆ ಈ ಕಡೆ ತಳ್ಳಿಸಿದಳು. ಅವಳ ಅಂಗೈಗೆ ಎದುರಾಗಿ ನಾನು ತಳ್ಳಬೇಕು. ಆಮೇಲೆ ತುದಿಗಾಲ ಮೇಲೆ ಏಳಿಸಿದಳು. ಗೋಡೆ ಹಿಡಿದುಕೊಂಡು ಎಡಗಾಲೊಂದರಲ್ಲೇ ಹದಿನೆಂಟು ಸಲ ಎದ್ದೆ. ಎದೆ ಉಬ್ಬಿತು.

"ಶಾಬಾಸ್ ರೀ ಸರ್. ಈಗ ಗ್ವಾಡಿ ಬಿಡ್ರಿ. ಸುಮ್ನ ಎಡಗಾಲಿನ ಮ್ಯಾಲೆ ನಿಲ್ರಿ."

ಸುಮ್ನೆ ನಿಲ್ಲೋದು ತಾನೇ ಅಂತ ಬಲಗಾಲು ಎತ್ತಿದೆ. ಒಂದು, ಎರಡು, ಮೂರು, ನಾಲ್ಕು. ಬಲಗಾಲು ನೆಲ ಮುಟ್ಟಿಬಿಟ್ಟಿತು. ಮತ್ತೆ ಮಾಡಿದೆ, ಮೂರೂವರೆ. ಬಲಗಾಲಿನ ಮೇಲೆ ನಿಂತರೆ ಮೂವತ್ತೊಂದು ಸೆಕೆಂಡು.

ನನಗೆ ಅರ್ಥವಾಗಲಿಲ್ಲ. ನೋವಿಲ್ಲ. ಶಕ್ತಿ ಇದೆ, ಈಗಷ್ಟೇ ಹದಿನೆಂಟು ಸಲ ಎದ್ದಿದ್ದೇನೆ. ಮತ್ತೆ ಯಾಕೆ ನಿಲ್ಲಲ್ಲ?

"ಶಕ್ತಿ ಏನೂ ಕಮ್ಮಿ ಇಲ್ರಿ ಸರ್. ಸುದ್ದಿ ಬರವಲ್ದು, ಅಷ್ಟ."

ಈ ಒಂದು ಮಾತು ಅರ್ಥವಾಗೋಕೆ ನನಗೆ ಮೂರು ವಾರ ಬೇಕಾಯಿತು.

ಅವಳು ಕೊಟ್ಟ ಮೊದಲ ಹೋಂವರ್ಕ್ ವ್ಯಾಯಾಮವಲ್ಲ, ವಿಡಿಯೋ. ಬರಿಗಾಲಲ್ಲಿ, ಚಡ್ಡಿ ಹಾಕಿಕೊಂಡು ಒಂಟಿಕಾಲಲ್ಲಿ ನಿಲ್ಲಬೇಕು. ಮೊಬೈಲನ್ನು ನೆಲದ ಮೇಲೆ ಪಾದದ ಪಕ್ಕ ಒರಗಿಸಿ, ಸ್ಲೋ ಮೋಷನ್‌ನಲ್ಲಿ ಹಿಡಿಯಬೇಕು. ಮೊದಲು ಚೆನ್ನಾಗಿರುವ ಬಲಗಾಲು, ಆಮೇಲೆ ಎಡಗಾಲು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿ ಈ ಶೂಟಿಂಗ್ ನಡೆಯಿತು.

ಬಲಪಾದದ ವಿಡಿಯೋ ನೋಡಿ ಬೆರಗಾದೆ. ನಾನು ಅಲುಗಾಡದೆ ನಿಂತಿದ್ದೆ ಅಂದುಕೊಂಡಿದ್ದೆನಲ್ಲ, ಅಲ್ಲಿ ಸಂತೆಯೇ ನಡೆದಿತ್ತು. ಗಿಣ್ಣಿನ ಮುಂಭಾಗದಲ್ಲಿ ಒಂದು ದಪ್ಪ ಹುರಿ ಎದ್ದು ನಿಲ್ಲುತ್ತದೆ, ಮಾಯವಾಗುತ್ತದೆ. ಅದು ಮಾಯವಾಗುವಾಗ ಹೊರಗಿನ ಗಿಣ್ಣಿನ ಹಿಂದೆ ಇನ್ನೊಂದು ಹುರಿ ಬಿಗಿಯುತ್ತದೆ. ಕಾಲ್ಬೆರಳುಗಳು ಪಿಯಾನೋ ನುಡಿಸುವವರ ಬೆರಳಿನ ಹಾಗೆ ಒಂದೊಂದಾಗಿ ನೆಲ ಒತ್ತುತ್ತವೆ. ಹೆಬ್ಬೆರಳಿನ ಬುಡ ಒಮ್ಮೆ ಬೆಳ್ಳಗಾಗುತ್ತದೆ, ರಕ್ತ ತುಂಬಿ ಕೆಂಪಾಗುತ್ತದೆ. ಮತ್ತೆ ಬೆಳ್ಳಗೆ. ಒಂದು ಕ್ಷಣವೂ ಪುರುಸೊತ್ತಿಲ್ಲ.

ಎಡಪಾದದ ವಿಡಿಯೋದಲ್ಲೂ ಇದೇ ಹುರಿಗಳಿದ್ದವು. ಆದರೆ ಹೊರಗಿನ ಹುರಿ ತಡವಾಗಿ ಏಳುತ್ತಿತ್ತು. ಪಾದ ಹೊರ ಅಂಚಿನ ಕಡೆ ಚೆನ್ನಾಗಿ ವಾಲಿದ ಮೇಲೆ, ಅಯ್ಯೋ ಅಂತ ಎಚ್ಚರವಾದವರ ಹಾಗೆ ಜೋರಾಗಿ ಎಳೆಯುತ್ತಿತ್ತು. ಎಳೆದದ್ದು ಜಾಸ್ತಿಯಾಗಿ ಮೈ ಈ ಕಡೆ ವಾಲುತ್ತಿತ್ತು. ಹೀಗೆ ನಾಲ್ಕು ಸಲ ಆಗುವಷ್ಟರಲ್ಲಿ ಆಟ ಮುಗಿಯುತ್ತಿತ್ತು.

ಮರುದಿನ ಅವಳು ನನ್ನ ಕಾಲಿನ ಮೇಲೆಯೇ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದಳು. ಮುಂದಿನ ದಪ್ಪ ಹುರಿ ಟಿಬಿಯಾಲಿಸ್ ಆಂಟೀರಿಯರ್, ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯುವಿನದು. ಹೊರಮಗ್ಗುಲಲ್ಲಿ ಇರುವವು ಪೆರೋನಿಯಸ್ ಅನ್ನುವ ಜೋಡಿ ಸ್ನಾಯುಗಳು, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದರ ಹುರಿ ಗಿಣ್ಣಿನ ಹಿಂದಿನಿಂದ ಇಳಿದು, ಅಂಗಾಲಿನ ಅಡಿಯಲ್ಲಿ ಅಡ್ಡಕ್ಕೆ ಹಾದು, ಹೆಬ್ಬೆರಳಿನ ಕಡೆಯ ಮೂಳೆಯ ಬುಡಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಹೊರಗಡೆ ಕೂತು ಒಳಗಡೆಯನ್ನು ಎಳೆಯುವ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಪಾದ ಹೊರ ಅಂಚಿಗೆ ಮಗುಚಲು ಹೊರಟಾಗ ಈ ಜೋಡಿ ಎಳೆದರೆ ಹೊರ ಅಂಚು ಏಳುತ್ತದೆ, ಹೆಬ್ಬೆರಳಿನ ಬುಡ ನೆಲಕ್ಕೆ ಒತ್ತುತ್ತದೆ. ಅದಕ್ಕೇ ಅದು ಬೆಳ್ಳಗಾಗುತ್ತಿದ್ದದ್ದು. ಮೈ ಒಳಗಡೆ ವಾಲಿದರೆ ಟಿಬಿಯಾಲಿಸ್ ಹೆಸರಿನ ಎರಡು ಸ್ನಾಯುಗಳು, ಮುಂದಿನದು ಮತ್ತು ಮೀನಖಂಡದ ಆಳದಲ್ಲಿರುವ ಹಿಂದಿನದು, ಒಳ ಅಂಚನ್ನು ಎತ್ತುತ್ತವೆ.

ಹಿಂದೆ ಮುಂದೆ ವಾಲುವುದಕ್ಕೆ ಬೇರೆ ಕಾವಲು. ನಾವು ನೆಟ್ಟಗೆ ನಿಂತಾಗ ಮೈಭಾರದ ಗೆರೆ ಗಿಣ್ಣಿನ ಮೇಲೆ ಸರಿಯಾಗಿ ಬೀಳುವುದಿಲ್ಲವಂತೆ. ಎರಡು ಮೂರು ಬೆರಳಿನಷ್ಟು ಮುಂದೆ ಬೀಳುತ್ತದೆ. ಅಂದರೆ ಸುಮ್ಮನೆ ನಿಂತಾಗಲೂ ನಾವು ಮುಂದಕ್ಕೆ ಬೀಳುತ್ತಲೇ ಇರುತ್ತೇವೆ. ಹಿಂದಿನಿಂದ ಮೀನಖಂಡ ಎಳೆದು ಹಿಡಿದುಕೊಂಡಿರುತ್ತದೆ. ಅದರಲ್ಲೂ ಆಳದಲ್ಲಿರುವ ಸೋಲಿಯಸ್ ಅನ್ನುವ ಚಪ್ಪಟೆ ಸ್ನಾಯು ಹೆಚ್ಚು ದುಡಿಯುತ್ತದೆ. ಬೇಗ ಸುಸ್ತಾಗದ ಜಾತಿಯದು. ಎತ್ತಿನಂಥದ್ದು.

ಚಿಕ್ಕಂದಿನಲ್ಲಿ ಅಂಗೈ ಮೇಲೆ ಕೋಲು ನಿಲ್ಲಿಸಿ ಆಡಿದ್ದೀರಲ್ಲ? ಕೋಲು ಬಲಕ್ಕೆ ವಾಲಿದರೆ ಕೈಯನ್ನು ಬಲಕ್ಕೆ, ಅದಕ್ಕಿಂತ ಸ್ವಲ್ಪ ಮುಂದಕ್ಕೇ ಓಡಿಸಬೇಕು. ಆಗ ಕೋಲು ವಾಪಸ್ ಬರುತ್ತದೆ. ಒಂಟಿಕಾಲಲ್ಲೂ ಇದೇ ಲೆಕ್ಕ. ಪಾದ ಮಾತ್ರ ಓಡುವ ಹಾಗಿಲ್ಲ. ಅದರ ಬದಲು ಅಂಗಾಲಿನಡಿ ಒತ್ತಡದ ಜಾಗ ಓಡುತ್ತದೆ. ಓಡೋಕೆ ಜಾಗ ಎಷ್ಟಿದೆ? ಸ್ಕೇಲ್ ಇಟ್ಟು ನೋಡಿದೆ. ನನ್ನ ಪಾದದ ಉದ್ದ 26 ಸೆಂಟಿಮೀಟರ್, ಅಗಲ ಎಲ್ಲಿ ಹೆಚ್ಚೋ ಅಲ್ಲಿ 10. ಹಿಮ್ಮಡಿಯ ಹತ್ತಿರ ಇನ್ನೂ ಕಮ್ಮಿ. ಎರಡೂ ಕಾಲೂರಿ ನಿಂತಾಗ ಅಡ್ಡಕ್ಕೆ ಒಂದಡಿಗಿಂತ ಜಾಸ್ತಿ ಜಾಗ ಸಿಗುತ್ತದೆ, ಒಂಟಿಕಾಲಲ್ಲಿ ಒಂದು ಗೇಣೂ ಇಲ್ಲ. ಎಪ್ಪತ್ತೆರಡು ಕೆಜಿಯ ದೇಹವನ್ನು ಆ ಅಂಗೈಯಗಲದ ಮೇಲೆ ನಿಲ್ಲಿಸಬೇಕು.

ಇಷ್ಟು ಹೊತ್ತಿಗೆ "ಸುದ್ದಿ" ಅಂದರೇನು ಅಂತ ನಿಧಾನವಾಗಿ ತಲೆಗೆ ಹೋಗುತ್ತಿತ್ತು. ಸ್ನಾಯುಗಳ ಒಳಗೆ ಸ್ಪಿಂಡಲ್ ಅಂತ ಸೂಕ್ಷ್ಮ ಎಳೆಗಳಿವೆ, ನೂಲು ಸುತ್ತಿದ ಕದಿರಿನ ಆಕಾರ. ಸ್ನಾಯು ಒಂಚೂರು ಹಿಗ್ಗಿದರೂ ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಅಲ್ಲಿಂದಲೇ, ಮೆದುಳು ಕೇಳುವ ಮೊದಲೇ, ಎಳೆ ಅಂತ ಅಪ್ಪಣೆ ವಾಪಸ್ ಬರುತ್ತದೆ. ಮೀನಖಂಡದಲ್ಲಿ ಇದಕ್ಕೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಹುರಿಗಳಲ್ಲಿ, ಲಿಗಮೆಂಟ್‌ಗಳಲ್ಲಿ, ಅಂಗಾಲಿನ ಚರ್ಮದಲ್ಲಿ ಇಂಥವೇ ಬೇರೆ ಬೇರೆ ಸುದ್ದಿಗಾರರು. ಕಣ್ಣು ಮುಚ್ಚಿದ್ದರೂ ನಮ್ಮ ಕೈಕಾಲು ಎಲ್ಲಿದೆ ಅಂತ ನಮಗೆ ಗೊತ್ತಾಗುವುದು ಇವರಿಂದಲೇ. ಈ ಅರಿವಿಗೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರಿಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್, 1906ರಲ್ಲಿ. ಮುಂದೆ 1932ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಪಂಚೇಂದ್ರಿಯ ಅಂತ ಐದನ್ನೇ ಎಣಿಸಿಕೊಂಡು ಬೆಳೆದ ನನಗೆ ಇದು ಯಾಕೆ ಆ ಪಟ್ಟಿಯಲ್ಲಿಲ್ಲ ಅಂತ ಸ್ವಲ್ಪ ಸಿಟ್ಟೇ ಬಂತು.

ಪರಿಷೆಯಲ್ಲಿ ಹರಿದದ್ದು ಬರೀ ಕಟ್ಟಿನ ಹಗ್ಗವಲ್ಲ. ಅದರೊಳಗಿನ ಸುದ್ದಿಗಾರರಿಗೂ ಪೆಟ್ಟಾಗಿರುತ್ತದೆ. ಹಗ್ಗ ಕೂಡಿಕೊಳ್ಳುತ್ತದೆ. ಸುದ್ದಿ ಸರಿಯಾಗಿ ಬರಬೇಕಾದರೆ ಪಾದಕ್ಕೆ ಮತ್ತೆ ಪಾಠ ಆಗಬೇಕು. ನಾನು ಎರಡು ವಾರ ರೆಸ್ಟ್ ತಗೊಂಡು ಶಾಲೆಯನ್ನೇ ಬಿಡಿಸಿದ್ದೆ.

ಎರಡನೇ ವಾರ ಅವಳು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಸೊಂಟದ ಎರಡೂ ಮೂಳೆಗಳ ಮೇಲೆ ಬಿಳಿ ಟೇಪ್ ಅಂಟಿಸಿದಳು. ಎಡಗಾಲ ಮೇಲೆ ನಿಂತೆ. ಬಲಗಡೆಯ ಟೇಪ್ ಕೆಳಗಿಳಿಯಿತು. ಅದನ್ನು ಸರಿದೂಗಿಸಲು ನನ್ನ ಎದೆ ಎಡಕ್ಕೆ ವಾಲಿತ್ತು. ಕಾಲು ನೋಡೋಕೆ ಬಂದವನಿಗೆ ಸೊಂಟದ್ದೇನು ಅಂದೆ.

"ಗಿಣ್ಣ ಒಂದ ಎಷ್ಟಂತ ಮಾಡೀತ್ರಿ? ಮ್ಯಾಲಿನ ಸಾಹೇಬ್ರು ಕೆಲಸ ಮಾಡಬೇಕಲ್ರಿ."

ಮೇಲಿನ ಸಾಹೇಬ್ರು ಅಂದರೆ ಗ್ಲೂಟಿಯಸ್ ಮೀಡಿಯಸ್. ಪ್ಯಾಂಟಿನ ಪಕ್ಕದ ಜೇಬಿಗಿಂತ ಸ್ವಲ್ಪ ಹಿಂದೆ, ಮೇಲೆ ಇರುವ ಬೀಸಣಿಗೆಯಾಕಾರದ ಸ್ನಾಯು. ಒಂದು ಕಾಲು ಎತ್ತಿದ ತಕ್ಷಣ ಆ ಕಡೆಯ ಸೊಂಟ ಜೋತುಬೀಳಬೇಕು, ಯಾಕಂದ್ರೆ ಅದರ ಕೆಳಗೆ ಕಂಬವಿಲ್ಲ. ನಿಂತ ಕಾಲಿನ ಕಡೆಯ ಈ ಸ್ನಾಯು ಆಚೆಯಿಂದ ಎಳೆದು ಸೊಂಟವನ್ನು ಸಮ ಇಡುತ್ತದೆ. ಪಾರ್ಕಿನ ಸೀಸಾ ನೆನೆಸಿಕೊಳ್ಳಿ. ಒಂದು ಕಡೆ ಉದ್ದ ತೋಳಿನ ತುದಿಯಲ್ಲಿ ಇಡೀ ಮೈ, ಇನ್ನೊಂದು ಕಡೆ ಗಿಡ್ಡ ತೋಳಿನಲ್ಲಿ ಈ ಸ್ನಾಯು. ಗಿಡ್ಡ ತೋಳಿನವನು ದುಪ್ಪಟ್ಟು ಎಳೆಯಬೇಕು. ನಡುವಿನ ಕೀಲು ಇಬ್ಬರ ಭಾರವನ್ನೂ ಹೊರಬೇಕು. ಹಾಗಾಗಿ ಒಂಟಿಕಾಲಲ್ಲಿ ನಿಂತಾಗ ಸೊಂಟದ ಕೀಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಎರಡೂವರೆ ಪಟ್ಟು. ನನ್ನ ಲೆಕ್ಕಕ್ಕೆ 180 ಕೆಜಿ, ಬರೀ ಪ್ಯಾಂಟ್ ಹಾಕೋಕೆ! ಸೊಂಟ ಹೀಗೆ ಜಾರುವುದನ್ನು 1895ರಲ್ಲೇ ಟ್ರೆಂಡೆಲೆನ್‌ಬರ್ಗ್ ಅನ್ನುವ ಜರ್ಮನ್ ಸರ್ಜನ್ ಗುರುತಿಸಿ ಬರೆದಿದ್ದರಂತೆ. ಇವತ್ತಿಗೂ ಆ ಪರೀಕ್ಷೆಗೆ ಅವರದೇ ಹೆಸರು.

ಮೂರು ತಿಂಗಳು ನನಗೇ ಗೊತ್ತಿಲ್ಲದೆ ಎಡಗಾಲಿಗೆ ಪೂರ್ತಿ ಭಾರ ಕೊಡದೆ ನಡೆದಿದ್ದಕ್ಕೆ ಸಾಹೇಬ್ರು ಸೋಮಾರಿಯಾಗಿದ್ದರು. ಮಗ್ಗುಲಾಗಿ ಮಲಗಿ ಕಾಲೆತ್ತುವುದು, ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು. ಇದರ ಬಗ್ಗೆ ಹೇಳುವಂಥದ್ದೇನಿಲ್ಲ, ಬೇಜಾರಿನ ಕೆಲಸ, ಮಾಡಿದೆ.

ಮಜಾ ಬಂದದ್ದು ತೂಕದ ಯಂತ್ರದ ಪ್ರಯೋಗದಲ್ಲಿ. ಇದು ಅವಳು ಹೇಳಿದ್ದಲ್ಲ, ನನ್ನ ಕಿತಾಪತಿ. ಮನೆಯಲ್ಲೊಂದು ಹಳೇ ಮುಳ್ಳಿನ ತೂಕದ ಯಂತ್ರವಿತ್ತು. ಅಂಥದ್ದೇ ಇನ್ನೊಂದು ಎದುರು ಮನೆಯವರಿಂದ ತಂದೆ. ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಂತೆ. ಎರಡೂ ಮುಳ್ಳು 36ರ ಆಸುಪಾಸು. ಈಗ ಬಲಗಾಲು ಎತ್ತಬೇಕು. ಬಲಗಡೆಯ ಮುಳ್ಳು ಕೆಳಗಿಳಿಯುತ್ತದೆ ಅಂದುಕೊಂಡರೆ, ಅದು ಮೊದಲು ಮೇಲಕ್ಕೆ ಹಾರಿತು! ಆಮೇಲೆ ಸೊನ್ನೆಗೆ ಬಿತ್ತು. ಮತ್ತೆ ಮಾಡಿದೆ, ಅದೇ. ಮಗಳನ್ನು ಕರೆದು ನಿಲ್ಲಿಸಿದೆ, ಅವಳಿಗೂ ಅದೇ.

ಆಮೇಲೆ ಹೊಳೆಯಿತು. ಎತ್ತುವ ಕಾಲಿನಿಂದ ಮೊದಲು ನೆಲವನ್ನು ಒತ್ತಿ, ಮೈಯನ್ನು ನಿಲ್ಲುವ ಕಾಲಿನ ಕಡೆಗೆ ತಳ್ಳಿಬಿಡುತ್ತೇವೆ. ದೋಣಿಯವನು ದಡಕ್ಕೆ ಗಳ ಒತ್ತಿದ ಹಾಗೆ. ಭಾರ ನಿಲ್ಲುವ ಕಾಲಿನ ಮೇಲೆ ಬಂದು ಕೂತ ಮೇಲೆ ಕಾಲು ಏಳುತ್ತದೆ. ಒಂಟಿಕಾಲಿನ ಕೆಲಸ ಎರಡು ಕಾಲಿರುವಾಗಲೇ ಶುರುವಾಗಿರುತ್ತದೆ. ಫಿಸಿಯೋ ಹುಡುಗಿಗೆ ಇದನ್ನು ದೊಡ್ಡ ಸಂಶೋಧನೆಯ ಹಾಗೆ ಹೇಳಿದೆ. "ಹೌದ್ರಿ ಸರ್, ಪುಸ್ತಕದಾಗ ಐತ್ರಿ" ಅಂದಳು. ಇರಲಿ.

ಮೂರನೇ ವಾರ ಕಣ್ಣು ಮುಚ್ಚಿಸಿದಳು. ಇದರಷ್ಟು ಅವಮಾನ ಬೇರೆ ಯಾವುದರಲ್ಲೂ ಆಗಲಿಲ್ಲ. ಚೆನ್ನಾಗಿದ್ದ ಬಲಗಾಲೇ ಆರು ಸೆಕೆಂಡಿಗೆ ಕೈಕೊಟ್ಟಿತು. ನಾವು ನಿಲ್ಲುವುದು ಮೂರು ಸುದ್ದಿ ಸೇರಿ. ಕಾಲಿನಿಂದ ಒಂದು, ಕಿವಿಯ ಒಳಭಾಗದಲ್ಲಿರುವ ದ್ರವ ತುಂಬಿದ ಕೊಳವೆಗಳಿಂದ ಒಂದು, ಕಣ್ಣಿನಿಂದ ಒಂದು. ಕಾಲಿನ ಸುದ್ದಿ ಮಸುಕಾದಾಗ ನಾವು ಗೊತ್ತಿಲ್ಲದೆ ಕಣ್ಣಿನ ಮೇಲೆ ಭಾರ ಹಾಕುತ್ತೇವೆ. ವೃಕ್ಷಾಸನ ಕಲಿಸುವವರು ಎದುರಿನ ಗೋಡೆಯ ಒಂದೇ ಚುಕ್ಕಿ ನೋಡಿ ಅನ್ನುವುದು ಅದಕ್ಕೇ. ಆ ಚುಕ್ಕಿ ಕಿತ್ತುಕೊಂಡರೆ ಕಾಲಿಗೆ ಬೇರೆ ದಾರಿಯಿಲ್ಲ, ಕಲಿಯಲೇಬೇಕು.

ಬೀಳುವ ಭಯಕ್ಕೆ ಗೋಡೆಗೆ ಕೈ ಚಾಚಿದೆ. "ಒರಗಬ್ಯಾಡ್ರಿ. ಒಂದ ಬಳ್ಳು ಮುಟ್ಟಿಸ್ರಿ ಸಾಕು." ತೋರುಬೆರಳ ತುದಿ ಗೋಡೆಗೆ ತಾಗಿಸಿದೆ, ಅಷ್ಟೇ. ಮೈ ತಟ್ಟನೆ ನಿಂತಿತು. ಆ ಬೆರಳಿನ ಒತ್ತಡ ನೂರು ಗ್ರಾಂ ಕೂಡ ಇರುವುದಿಲ್ಲ, ನನ್ನನ್ನು ಎತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ನಾನು ಎತ್ತ ವಾಲುತ್ತಿದ್ದೇನೆ ಅಂತ ಮಾತ್ರ ಅದು ಹೇಳುತ್ತದೆ. "ಸುದ್ದಿ ಬರವಲ್ದು" ಅಂದದ್ದು ಆ ಕ್ಷಣಕ್ಕೆ ಪೂರ್ತಿ ಅರ್ಥವಾಯಿತು.

ಮನೆಗೆ ಬಂದು ನೋಡುತ್ತೇನೆ, ಅಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಒಂದು ಬೆರಳು ಬಾಗಿಲಿನ ಚೌಕಟ್ಟಿಗೆ. ಎಷ್ಟೋ ವರ್ಷದಿಂದ ಹಾಗೇ ಮಾಡುತ್ತಿದ್ದಾಳೆ, ಈಗ ಕಣ್ಣಿಗೆ ಬಿತ್ತು. ಬೆರಳು ತೆಗಿ ನೋಡೋಣ ಅಂದೆ. ಎರಡು ಸೆಕೆಂಡೂ ಆಗಲಿಲ್ಲ. ಗಾಬರಿಯಾಗಿ ಹಿಡಿದುಕೊಂಡೆ.

"ಕುಂಟೆಬಿಲ್ಲೇಲಿ ನನ್ನ ಮೀರಿಸೋರು ಇರ್ಲಿಲ್ಲ ಕಣೋ ನಮ್ಮ ಬೀದೀಲಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಹತ್ತು ಸೆಕೆಂಡ್ ಒಂಟಿಕಾಲಲ್ಲಿ ನಿಲ್ಲಿಸಿ, ಆಮೇಲೆ ಕೆಲವು ವರ್ಷ ಅವರನ್ನು ಗಮನಿಸಿದ ಅಧ್ಯಯನವೊಂದು 2022ರಲ್ಲಿ ಬಂತು. ಐವರಲ್ಲಿ ಒಬ್ಬರಿಗೆ ನಿಲ್ಲಲಾಗಿರಲಿಲ್ಲ, ಅವರಲ್ಲಿ ಸಾವು ಹೆಚ್ಚು ಕಂಡಿತು. ಒಂಟಿಕಾಲಲ್ಲಿ ನಿಂತರೆ ಆಯಸ್ಸು ಬೆಳೆಯುತ್ತದೆ ಅಂತ ಇದನ್ನು ವಾಟ್ಸಾಪಿನಲ್ಲಿ ಹಂಚಬೇಡಿ, ಅದು ಹಾಗೆ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಸುಲಭದ ಸಂಗತಿ. ಅಮ್ಮ ಬಚ್ಚಲಲ್ಲಿ ಬೀಳಬಾರದು. ನಡೆಯುವುದೂ ಒಂಟಿಕಾಲ ಆಟವೇ ಅಲ್ವಾ? ಒಂದೊಂದು ಕಾಲೂ ನಡಿಗೆಯ ಸುಮಾರು ನೂರಕ್ಕೆ ನಲವತ್ತು ಪಾಲು ಗಾಳಿಯಲ್ಲಿರುತ್ತದೆ. ಆ ಹೊತ್ತಿನಲ್ಲೆಲ್ಲ ಇನ್ನೊಂದು ಒಂಟಿ. ಹಾಗಾಗಿ ಅವಳಿಗೂ ಪಾಠ ಶುರುವಾಯಿತು. ಅಡುಗೆಮನೆಯ ಕಟ್ಟೆಯ ಮುಂದೆ, ಹಿಂದೆ ಕುರ್ಚಿ ಇಟ್ಟು, ಪಕ್ಕದಲ್ಲಿ ನಾನು ನಿಂತು.

ನನ್ನ ಪಾಠ ಮುಂದುವರಿಯಿತು. ಹಲ್ಲುಜ್ಜುವಾಗ ಎಡಗಾಲು. ಆಮೇಲೆ ಮಡಚಿದ ಹಾಸಿಗೆಯ ಮೇಲೆ. ಆಮೇಲೆ ಅವಳು ಎಸೆದ ಟೆನ್ನಿಸ್ ಬಾಲ್ ಹಿಡಿಯುತ್ತಾ. ಕೊನೆಗೆ ಸಣ್ಣ ಪೆಟ್ಟಿಗೆಯಿಂದ ಒಂಟಿಕಾಲಲ್ಲಿ ನೆಲಕ್ಕೆ ಹಾರಿ ಅಲ್ಲೇ ನಿಲ್ಲುವುದು, ನಮ್ಮಮ್ಮನ ಕುಂಟೆಬಿಲ್ಲೆಯೇ. ಹಾರುವುದು ಯಾಕೆ ಅಂತ ಕೇಳಿದೆ. ಅವಳು ಹೇಳಿದ್ದು ನನ್ನ ತಿಳುವಳಿಕೆಯನ್ನೇ ತಿರುಗಿಸಿತು. ಪಾದ ಮಗುಚಿದ ಮೇಲೆ ಸುದ್ದಿ ಹೋಗಿ, ಅಪ್ಪಣೆ ಬಂದು, ಸ್ನಾಯು ಬಲ ಕೂಡಿಸಿಕೊಂಡು ಎಳೆಯುವಷ್ಟರಲ್ಲಿ ಲಿಗಮೆಂಟ್ ಹರಿದಿರುತ್ತದೆ. ಎಲ್ಲಾ ಮುಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಆದ್ದರಿಂದ ಹೊರಗಿನ ಜೋಡಿ ಸ್ನಾಯು ಪಾದ ನೆಲಕ್ಕೆ ತಾಗುವ ಮೊದಲೇ ಬಿಗಿಯಾಗಿರಬೇಕು. ನೆಂಟರು ಬರುವ ಮುಂಚೆಯೇ ಒಲೆ ಹಚ್ಚಿಟ್ಟ ಹಾಗೆ. ಹಾರಿ ಹಾರಿ ಅದು ರೂಢಿಯಾಗುತ್ತದೆ.

ಏಪ್ರಿಲ್ ಮಧ್ಯಕ್ಕೆ ಎಡಗಾಲು ಇಪ್ಪತ್ತೆಂಟು ಸೆಕೆಂಡ್ ತಲುಪಿತು. ಮೆಜೆಸ್ಟಿಕ್‌ನಿಂದ ಬರುವ ಬಸ್ಸಿನಲ್ಲಿ ಕಂಬಿಗೆ ಬೆರಳಷ್ಟೇ ತಾಗಿಸಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಮಾವಳ್ಳಿಯ ತಿರುವಿನಲ್ಲಿ ಪಾದದೊಳಗಿನ ಸಂತೆ ನನಗೀಗ ಗೊತ್ತಾಗುತ್ತದೆ. ಕಂಡಕ್ಟರ್ ಮಾತ್ರ "ಸರಿಯಾಗಿ ಹಿಡ್ಕೊಳ್ಳಿ ಸಾರ್" ಅನ್ನುತ್ತಾರೆ, ಅವರು ಹೇಳುವುದೂ ಸರಿ.

ಒಂದು ಭಾನುವಾರ ಲಾಲ್‌ಬಾಗ್ ಕೆರೆಯ ಏರಿಯ ಮೇಲೆ ನಿಂತಿದ್ದೆ. ನೀರಿನಂಚಿನಲ್ಲಿ ಒಂದು ಕೊಕ್ಕರೆ ಒಂಟಿಕಾಲಲ್ಲಿ, ನಿದ್ದೆಯೋ ಧ್ಯಾನವೋ. ಫ್ಲೆಮಿಂಗೊ ಹಕ್ಕಿಯ ಬಗ್ಗೆ 2017ರಲ್ಲಿ ಬಂದ ಒಂದು ಸಂಶೋಧನೆ ನೆನಪಾಯಿತು. ಸತ್ತ ಫ್ಲೆಮಿಂಗೊವನ್ನು ಕೂಡ ಒಂಟಿಕಾಲಲ್ಲಿ ನಿಲ್ಲಿಸಬಹುದಂತೆ, ಎರಡು ಕಾಲಲ್ಲಿ ಆಗುವುದಿಲ್ಲವಂತೆ. ಮೈಭಾರವೇ ಕೀಲುಗಳನ್ನು ಹಾಗೆ ಹಿಡಿದಿಡುತ್ತದೆ, ಸ್ನಾಯು ಹೆಚ್ಚು ದುಡಿಯಬೇಕಿಲ್ಲ. ಈ ಕೊಕ್ಕರೆಗೂ ಆ ಸೌಲಭ್ಯ ಇದೆಯೋ ಏನೋ, ನಮಗಂತೂ ಇಲ್ಲ. ನಾನೂ ಬಲಗಾಲು ಎತ್ತಿದೆ. ಮೂವತ್ತಾದಾಗ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು, "ಏನ್ ಸ್ವಾಮಿ, ಯಾವ ಹರಕೆ?" ಅಂದರು. ನಗು ಬಂದು ಕಾಲು ಕೆಳಗೆ ಬಿತ್ತು. ಕೊಕ್ಕರೆ ಅಲುಗಾಡಲಿಲ್ಲ.

ಮನೆಯಲ್ಲಿ ಅಮ್ಮ ಕಟ್ಟೆಯ ಮುಂದೆ ತಯಾರಾಗಿ ನಿಂತಿದ್ದಳು. ಬೆರಳು ತೆಗೆದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಏಳಕ್ಕೆ ಕಟ್ಟೆ ಹಿಡಿದುಕೊಂಡಳು. "ಆರು" ಅಂದೆ.

"ಎಂಟಾದ್ರೂ ಆಗಿರತ್ತೆ. ನೀನು ನಿಂತಾಗ ಬೇಗಬೇಗ ಎಣಿಸ್ಕೋತೀಯ, ನಾನು ನಿಂತಾಗ ಎಳೀತೀಯ" ಅಂದಳು.